ನೀರು ಬೆರೆಸಿದ ಮಾತು

ತನ್ನ ಮಾತನ್ನು ಟೈಪಾದ ಅಕ್ಷರಗಳಲ್ಲಿ ಓದುವುದು ಅವಳಿಗೆ ಯಾವತ್ತೂ ಹಿಡಿಸದ ಕೆಲಸ. ಆದರೆ ಎರಡನೆಯ ವಿಚಾರಣೆಗೆ ಹೋಗುವ ದುಭಾಷಿ ಮೊದಲನೆಯದರ ದಾಖಲೆ ಓದಿಕೊಂಡೇ ಹೋಗಬೇಕೆಂಬ ನಿಯಮವಿತ್ತು. ಹಾಗಾಗಿ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿಕೊಂಡು, ಒಂದು ಕೈಯಲ್ಲಿ ಚಹಾದ ಲೋಟ ಹಿಡಿದು ಸಾಲಿನ ಮೇಲೆ ಸಾಲು ಓದುತ್ತ ಬಂದವಳು ನಾಲ್ಕನೆಯ ಪುಟದಲ್ಲಿ ನಿಂತುಬಿಟ್ಟಳು. 'ಐ ವಿಶ್ ಟು ಹ್ಯಾವ್ ಮೈ ಜಾಬ್ ಬ್ಯಾಕ್.' ನನ್ನ ಕೆಲಸ ಮರಳಿ ಸಿಕ್ಕರೆ ಚೆನ್ನಾಗಿತ್ತು ಎಂಬ ಆಸೆ. ಯಾರ ಆಸೆ? ಆ ಅಡುಗೆಯಾಕೆ ಹಾಗೆ ಅಂದಿರಲೇ ಇಲ್ಲ. ದಾದಿಯರ ಹಾಸ್ಟೆಲಿನಲ್ಲಿ ಮೂವತ್ತೊಂದು ವರ್ಷ ಬೇಯಿಸಿ ಹಾಕಿದ ಆ ಗಿಡ್ಡ ಹೆಂಗಸು ಅಂಗೈಯಿಂದ ಮೇಜು ಬಡಿದು, ಅಧಿಕಾರಿಯ ಮುಂದಿದ್ದ ನೀರಿನ ಗ್ಲಾಸು ಅದುರುವ ಹಾಗೆ, "ನನಗೆ ನನ್ನ ಕೆಲಸ ಬೇಕು" ಅಂದಿದ್ದಳು. ಬಡಿತದ ಸದ್ದು ದಾಖಲೆಯಲ್ಲಿ ಇರಲಿಲ್ಲ. 'ಬೇಕು' ಕೂಡ ಇರಲಿಲ್ಲ. ಇದ್ದದ್ದು ವಿಶ್, ದುಭಾಷಿಯಾದ ಅವಳೇ ತನ್ನ ತಗ್ಗಿದ, ತರಬೇತಾದ ದನಿಯಲ್ಲಿ ಹೇಳಿದ್ದು. ಕೊನೆಯ ಪುಟದಲ್ಲಿ ಅಧಿಕಾರಿಯ ಷರಾ: ಅರ್ಜಿದಾರಳ ಇಚ್ಛೆಯನ್ನು ಗಮನಿಸಲಾಗಿದೆ, ನಿರ್ದಿಷ್ಟ ಹಕ್ಕೊತ್ತಾಯ ಕಂಡುಬಂದಿಲ್ಲ, ಮುಂದಿನ ದಿನಾಂಕದಂದು ಕಡತ ಮುಕ್ತಾಯ. ಮುಂದಿನ ದಿನಾಂಕ ಎಂದರೆ ಇವತ್ತು.

"ವಿಶ್ ಅಂದ್ರೂ ಬೇಕು ಅಂದ್ರೂ ಒಂದೇ ಅಲ್ವೇನೇ?" ಎಂದ ಗಂಡ, ಅಂಗಿಯ ಗುಂಡಿ ಹಾಕಿಕೊಳ್ಳುತ್ತ. ಅವನದು ಔಷಧದ ಅಂಗಡಿ.

"ನಿಮ್ಮ ಅಂಗಡೀಲಿ ಚಮಚ, ಅರ್ಧ ಚಮಚ ಒಂದೇನಾ?"

ಅವನು ನಕ್ಕ. "ಯಾರೂ ಗಮನಿಸಿಲ್ಲ ತಾನೆ? ನೀನ್ಯಾಕೆ ಕೆರೆದು ಹುಣ್ಣು ಮಾಡ್ಕೋತೀಯ? ಇಪ್ಪತ್ತೆರಡು ವರ್ಷದ ಕೆಲಸ. ಸುಮ್ಮನೆ ಹೋಗಿ, ಸುಮ್ಮನೆ ಬಾ."

ಒಳ್ಳೆಯ ಮನುಷ್ಯ. ಅವನ ಮಾತಿನಲ್ಲಿ ಕೆಡುಕಿರಲಿಲ್ಲ. ಸುಮ್ಮನೆ ಹೋಗಿ ಸುಮ್ಮನೆ ಬರುವುದು ಅವಳಿಗೆ ಎಷ್ಟು ಚೆನ್ನಾಗಿ ಬರುತ್ತದೆ ಎಂಬುದು ಅವನಿಗೆ ಗೊತ್ತಿತ್ತು, ಅಷ್ಟೇ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಅರಿಯದೆ ಆದ ತಪ್ಪಾಗಿದ್ದರೆ ಮನಸ್ಸು ಇಷ್ಟು ಕುದಿಯುತ್ತಿರಲಿಲ್ಲ. ಆ ದಿನ ಆಕೆ ಮೇಜು ಬಡಿದಾಗ ತನ್ನೊಳಗೆ ಏನಾಯಿತೆಂದು ಅವಳಿಗೆ ನೆನಪಿದೆ: ನಾಚಿಕೆಯಾಯಿತು. ಬಡಿದವಳಿಗಲ್ಲ, ಇವಳಿಗೆ. ನಮ್ಮವಳೊಬ್ಬಳು ಹೀಗೆ ಗಂಟಲು ಹರಿದುಕೊಂಡಳಲ್ಲ, ಈ ದೊಡ್ಡವರ ಮುಂದೆ, ಎಂದು. ಕೈಗೆ ಸಿಕ್ಕಿದ ಬಟ್ಟೆಯನ್ನು ಸರಕ್ಕನೆ ಎಳೆದು ಆಕೆಯ ಮಾತಿನ ಮೇಲೆ ಹೊದಿಸಿದ್ದಳು. ಆ ಬಟ್ಟೆ ಅಪ್ಪ ಕೊಟ್ಟಿದ್ದು. ಅಪ್ಪ ಇಂಗ್ಲಿಷ್ ಮೇಷ್ಟ್ರು. ಪದಗಳನ್ನು ಮನೆಗೆ ಬಂದ ನೆಂಟರ ಹಾಗೆ ಯೋಗ್ಯತೆ ನೋಡಿ ಕೂರಿಸುವವರು. ವಾಂಟ್ ಅಂದ್ರೆ ಕೈ ಚಾಚೋದು ಮಗಳೇ, ಬೀದಿಯವರ ಮಾತು. ನೀಡ್ ಅಂದ್ರೆ ಇಲ್ಲದವರ ಮಾತು, ಇದ್ದವರು ಆಡಬಾರದು. ಕ್ರೇವ್ ಅಂದ್ರೆ ಬಸುರಿ ಬಯಕೆ, ಇಲ್ಲಾ ಕುಡುಕನ ಚಪಲ. ಕವೆಟ್ ಅಂದ್ರೆ ಪಕ್ಕದ ಮನೆಯದರ ಮೇಲೆ ಕಣ್ಣು ಹಾಕೋದು. ಡಿಸೈರ್ ದೊಡ್ಡವಳಾದ ಮೇಲೆ ಹೇಳ್ತೀನಿ. ದೊಡ್ಡವಳಾದ ಮೇಲೂ ಹೇಳಲಿಲ್ಲ. ಲಾಂಗಿಂಗ್ ಚೆನ್ನ, ಹಂಬಲ. ದೂರ ಇದ್ದಷ್ಟೂ ಅದಕ್ಕೆ ಬೆಲೆ. ಎಲ್ಲಕ್ಕಿಂತ ಮೇಲೆ ವಿಶ್. ವಿಶ್ ಅಂದ್ರೆ ಕೈ ಮುಗಿದ ಹಾಗೆ. ಮನೆತನಸ್ಥರು ವಿಶ್ ಮಾಡ್ತಾರೆ.

ಹನ್ನೊಂದನೆಯ ವಯಸ್ಸಿನಲ್ಲಿ ಮುಖ್ಯೋಪಾಧ್ಯಾಯಿನಿಯ ಕೋಣೆ. ಮೂರು ಶಾಲೆಗಳ ಚರ್ಚಾಸ್ಪರ್ಧೆಗೆ ಒಬ್ಬಳನ್ನು ಕಳಿಸಬೇಕು, ಇಬ್ಬರು ಹುಡುಗಿಯರು ನಿಂತಿದ್ದಾರೆ. ಫ್ರಾಕಿನ ಬೆನ್ನುಗುಂಡಿ ಕಿತ್ತುಹೋಗಿ ಅಪ್ಪ ಪಿನ್ನು ಹಾಕಿದ್ದರು, ಅದು ಉಸಿರೆಳೆದಾಗಲೆಲ್ಲ ಚುಚ್ಚುತ್ತಿತ್ತು. ನಿನಗೆ ಹೋಗಬೇಕಾ, ಎಂದು ಆಕೆ ಇಂಗ್ಲಿಷಿನಲ್ಲಿ ಕೇಳಿದಾಗ ಬಾಯಿಗೆ ಮೊದಲು ಬಂದದ್ದು ಐ ವಾಂಟ್. ವಾಂಟ್ ಮುಗಿಯುವ ಮೊದಲೇ ಬೆನ್ನ ಹಿಂದೆ ನಿಂತಿದ್ದ ಅಪ್ಪನ ಬೆರಳು ತೋಳನ್ನು ಹಿಂದಿನಿಂದ ಚಿವುಟಿತ್ತು. ಐ ವಿಶ್ ಐ ಕುಡ್, ಎಂದು ತಿದ್ದಿಕೊಂಡಳು. ಎಷ್ಟು ಮುದ್ದಾದ ಆಸೆ, ಎಂದು ಮುಖ್ಯೋಪಾಧ್ಯಾಯಿನಿ ಕೆನ್ನೆ ತಟ್ಟಿ, ಇನ್ನೊಬ್ಬಳ ಹೆಸರು ಬರೆದುಕೊಂಡರು. ಮನೆಗೆ ಬರುವ ದಾರಿಯುದ್ದಕ್ಕೂ ಅಪ್ಪ ಹಿಗ್ಗಿಹೋಗಿದ್ದರು: ಎಷ್ಟು ಚೆನ್ನಾಗಿ ಮಾತಾಡಿದೆ! ಅವತ್ತು ಅತ್ತಿದ್ದೆನಾ? ಇಲ್ಲ. ಅಳುವುದಕ್ಕೂ ಬೇಕು ಅನ್ನುವವರಾಗಿರಬೇಕು. ಬಸ್ಸು ತಿರುವಿನಲ್ಲಿ ವಾಲಿತು. ಎದುರಿನ ಸೀಟಿನ ಹೆಂಗಸು ಮಡಿಲಲ್ಲಿದ್ದ ಮಗುವಿಗೆ, ಏನು ಬೇಕು ಕಂದಾ, ಏನು ಬೇಕು ಹೇಳು, ಎಂದು ಕೇಳುತ್ತಿದ್ದಳು. ಮಗು ಕಿಟಕಿಯಾಚೆ ಕೈ ತೋರಿಸಿತು. ಅಲ್ಲಿ ಇಡೀ ಊರು ಇತ್ತು.

ನಮ್ಮ ಮಾತಿನಲ್ಲಿ ಬೇಕು ಅನ್ನಲು ನಾನು ಮುಂದೆ ಬಂದು ನಿಲ್ಲಬೇಕಾಗಿಲ್ಲ, ಅಂದುಕೊಂಡಳು. ನನಗೆ ಚಳಿ, ನನಗೆ ಹಸಿವು, ನನಗೆ ಬೇಕು. ಅದು ತಾನಾಗಿ ಬಂದು ನನ್ನ ಮೇಲೆ ಕೂರುತ್ತದೆ, ನನ್ನ ತಪ್ಪೇನಿಲ್ಲ. ಇಂಗ್ಲಿಷಿನಲ್ಲಾದರೆ ಮೊದಲು ಐ ಎಂದು ಒಂದು ಕಂಬ ನೆಡಬೇಕು, ಆಮೇಲೆ ಅದಕ್ಕೆ ಒರಗಿಕೊಂಡು ವಾಂಟ್ ಅನ್ನಬೇಕು. ಆ ಕಂಬಕ್ಕೆ ಹೆದರಿದವಳು ನಾನು. ಅಡುಗೆಯಾಕೆ ಹೆದರಿರಲಿಲ್ಲ. ಅವಳ ಬೇಕಿನಲ್ಲಿ ಆಸೆ, ಅಗತ್ಯ, ಆಗಲೇಬೇಕು ಎಲ್ಲವೂ ಒಂದೇ ಮುದ್ದೆಯಾಗಿತ್ತು. ಅದರಲ್ಲಿ ಒಂದು ಚೂರನ್ನು, ಎಲ್ಲಕ್ಕಿಂತ ಹಗುರವಾದ ಚೂರನ್ನು ಚಿವುಟಿ ಅಧಿಕಾರಿಯ ಕೈಗಿಟ್ಟವಳು ಮಾತ್ರ ನಾನೇ.

ವಿಚಾರಣಾ ಕಚೇರಿಯ ಮೂರನೆಯ ಮಹಡಿಯ ಪಡಸಾಲೆಯಲ್ಲಿ ಅಡುಗೆಯಾಕೆ ಆಗಲೇ ಬಂದು ಬೆಂಚಿನ ತುದಿಯಲ್ಲಿ ಕೂತಿದ್ದಳು. ಹಾಸ್ಟೆಲಿನ ಹುಡುಗಿಯರು ಆಕೆಯನ್ನು ಸೌಟಮ್ಮ ಅನ್ನುತ್ತಿದ್ದರಂತೆ. ಕಡತದಲ್ಲೂ ಯಾರೋ ಪೆನ್ಸಿಲಿನಲ್ಲಿ ಹಾಗೇ ಗುರುತು ಹಾಕಿಕೊಂಡಿದ್ದರು. ಐವತ್ತೆಂಟು ವಯಸ್ಸು, ಮೊಣಕೈವರೆಗೆ ಎಣ್ಣೆ ಸಿಡಿದ ಕಲೆಗಳು. ಕೆಲಸ ಹೋಗಿ ಐದು ತಿಂಗಳಾದರೂ ಕಾಲಿಗೆ ಅಡುಗೆಮನೆಯ ರಬ್ಬರ್ ಚಪ್ಪಲಿಯೇ.

"ಏನಮ್ಮಾ, ಮುಖ ಒಡೆದ ಹಾಲಿನ ಹಾಗಿದೆ?" ಎಂದಳು ಸೌಟಮ್ಮ.

ಕಕ್ಷಿದಾರರ ಜೊತೆ ಹೊರಗೆ ಮಾತಾಡಕೂಡದು ಎಂಬುದು ಇನ್ನೊಂದು ನಿಯಮ. ಇಷ್ಟು ವರ್ಷಗಳಲ್ಲಿ ದುಭಾಷಿ ಅದನ್ನು ಒಮ್ಮೆಯೂ ಮುರಿದಿರಲಿಲ್ಲ. ಕುಶಲ ಕೇಳಿದವರಿಗೂ ಬರೀ ತಲೆ ತೂಗಿ ದೂರ ನಿಲ್ಲುತ್ತಿದ್ದಳು. ಇವತ್ತು ಹೋಗಿ ಬೆಂಚಿನ ಮೇಲೆ ಪಕ್ಕದಲ್ಲೇ ಕೂತಳು.

"ಅವತ್ತು ನೀವು ಕೆಲಸ ಬೇಕು ಅಂದ್ರಲ್ಲ. ನಾನು ಅದನ್ನ ಅವರಿಗೆ ಮೆತ್ತಗೆ ಮಾಡಿ ಹೇಳಿಬಿಟ್ಟೆ."

"ಮೆತ್ತಗೆ ಅಂದ್ರೆ?"

"ಸಿಕ್ಕರೆ ಚೆನ್ನಾಗಿತ್ತು ಅನ್ನೋ ಹಾಗೆ. ಅದಕ್ಕೇ ಇವತ್ತು ಕಡತ ಮುಚ್ತಾರೆ. ನೀವು ಏನೂ ಒತ್ತಾಯ ಮಾಡಿಲ್ಲ ಅಂತ ಬರ್ಕೊಂಡಿದಾರೆ."

ಸೌಟಮ್ಮ ಅವಳ ಕಡೆ ಪೂರ್ತಿ ತಿರುಗಿದಳು. "ಹಾಗೆ ಹೇಳು ಅಂತ ನಿಂಗೆ ಯಾರು ಹೇಳಿದ್ರು?"

"ಯಾರೂ ಇಲ್ಲ. ಒರಟಾಗಿ ಕೇಳಿಸಬಾರದು ಅಂತ ನಾನೇ..."

"ಮೂವತ್ತೊಂದು ವರ್ಷ ಇನ್ನೂರು ಜನಕ್ಕೆ ಬೇಯಿಸಿ ಹಾಕಿದೀನಿ. ಹಾಲು ಕಡಿಮೆ ಬಂದ ದಿನ ಕಡಿಮೆ ಹಾಲೇ ಕೊಟ್ಟೆ, ನೀರು ಬೆರೆಸಲಿಲ್ಲ. ನನ್ನ ಮಾತಿಗೆ ನೀನ್ಯಾಕಮ್ಮ ಬೆರೆಸಿದೆ?"

ದುಭಾಷಿಯ ಕಣ್ಣು ತುಂಬಿಕೊಂಡಿತು. ಬೈದಿದ್ದರೆ ತಡೆಯಬಹುದಿತ್ತು. ಕ್ಷಮಿಸಿ ಅಂದಳು. ಅದನ್ನು ಅಂದ ಕೂಡಲೇ, ಇದೂ ಒಂದು ಬಗೆಯ ಕೈಚಾಚುವುದೇ, ಕ್ಷಮೆ ಕೊಟ್ಟುಬಿಡು ಎಂದು ಬೇಡುವುದೇ ಅನ್ನಿಸಿ ಇನ್ನಷ್ಟು ಕುಗ್ಗಿದಳು.

"ನನ್ನ ಹತ್ರ ಅಳಬೇಡ," ಎಂದು ಸೌಟಮ್ಮ ಎದ್ದು ನಿಂತಳು. "ಅಳೋದಾದ್ರೆ ಮನೇಲಿ ಅಳು. ಒಳಗೆ ಹೋಗಿ ಹೇಳು."

ಒಳಗೆ ಎಲ್ಲವೂ ಮುಗಿದ ಮದುವೆಯ ಮನೆಯ ಹಾಗಿತ್ತು. ವಿಚಾರಣಾಧಿಕಾರಿ ಆಗಲೇ ಬೇರೊಂದು ಕಡತ ತಿರುವುತ್ತಿದ್ದರು. ಹಾಸ್ಟೆಲಿನ ವಕೀಲ, ತೆಳ್ಳಗಿನ, ಸದಾ ಮುಗುಳುನಗುವ ಮನುಷ್ಯ, ಪೆನ್ನಿನ ಕ್ಯಾಪು ಕೂಡ ತೆಗೆದಿರಲಿಲ್ಲ. ದುಭಾಷಿಯ ಕುರ್ಚಿ ಎಂದಿನಂತೆ ಅರ್ಜಿದಾರಳ ಹಿಂದೆ, ಅರ್ಧ ಅಡಿ ಪಕ್ಕಕ್ಕೆ. ಅದಕ್ಕೆ ಮೇಜಿಲ್ಲ, ನೀರಿನ ಗ್ಲಾಸಿಲ್ಲ. ಮಾತು ಹಾದುಹೋಗುವ ಕಿಂಡಿಗೆ ನೀರೇಕೆ. ಅಧಿಕಾರಿಗೆ ಕನ್ನಡ ಬಾರದು, ಸೌಟಮ್ಮನಿಗೆ ಇಂಗ್ಲಿಷ್ ಬಾರದು. ನಡುವೆ ಕೂತವಳು ನಾನು ಎಂದಾಗಲೆಲ್ಲ ಅದು ಅರ್ಜಿದಾರರ ನಾನು. ತನ್ನದೇನಾದರೂ ಹೇಳಬೇಕಿದ್ದರೆ ದುಭಾಷಿಯು ಕೋರುತ್ತಾಳೆ ಎಂದು, ಯಾರೋ ಮೂರನೆಯವಳ ಹಾಗೆ ಹೇಳಿಕೊಳ್ಳಬೇಕು. ಇದು ಮೊದಲ ದಿನವೇ ಕಲಿಸುವ ಪಾಠ. ಇಪ್ಪತ್ತೆರಡು ವರ್ಷ ಈ ಕೋಣೆಯಲ್ಲಿ ಅವಳು ಸಾವಿರಾರು ಸಲ ನಾನು ಎಂದಿದ್ದಾಳೆ, ಒಂದೂ ಅವಳದಲ್ಲ.

ಅಧಿಕಾರಿ ಮುಕ್ತಾಯದ ಸಾಲುಗಳನ್ನು ಓದಿ, ಅರ್ಜಿದಾರಳಿಗೆ ಮತ್ತೇನಾದರೂ ಹೇಳುವುದಿದೆಯೇ ಕೇಳಿ, ಎಂದರು. ಕೇಳಿದಳು.

"ನಂದೇನಿಲ್ಲ," ಎಂದಳು ಸೌಟಮ್ಮ, ತಿರುಗಿ ನೋಡದೆ. "ಹೇಳೋದು ಇವಳಿಗಿದೆ."

ಇದನ್ನೂ ಅನುವಾದಿಸಬೇಕು. ಅನುವಾದಿಸಿದಳು. ಅಧಿಕಾರಿ ತಲೆ ಎತ್ತಿದರು. ವಕೀಲನ ಮುಗುಳುನಗೆ ಒಂದು ಕ್ಷಣ ಹಾಗೇ ನಿಂತಿತು. ಗುಮಾಸ್ತ ಟೈಪು ನಿಲ್ಲಿಸಿದ. ಅವಳಿಗೆ ತೋಳಿನ ಹಿಂಭಾಗದಲ್ಲಿ ಅಪ್ಪ ಚಿವುಟಿದ ಹಾಗೆ ಒಂದು ಬಿಸಿ. ಎದ್ದು ನಿಂತಳು. ನಿಲ್ಲುವುದು ರೂಢಿಯಲ್ಲ.

ಹಿಂದಿನ ವಿಚಾರಣೆಯಲ್ಲಿ ನಾನು ತಪ್ಪಾಗಿ ಅನುವಾದಿಸಿದೆ, ಎಂದು ಇಂಗ್ಲಿಷಿನಲ್ಲಿ ಹೇಳಿದಳು.

ಅಧಿಕಾರಿಗೆ ಗೊಂದಲವಾಯಿತು. "ಯಾವ ನಾನು? ಇದು ಅರ್ಜಿದಾರಳ ಮಾತೋ, ದುಭಾಷಿಯದೋ?"

"ನನ್ನದು."

ದಾಖಲೆಯ ಪುಟ, ಸಾಲು ಹೇಳಿದಳು. ಆಕೆ ಆಡಿದ ಪದ ಯಾವುದು, ತಾನು ಕೊಟ್ಟದ್ದು ಯಾವುದು, ಎರಡರ ನಡುವೆ ಎಷ್ಟು ದೂರ ಎಂಬುದನ್ನು ಹೇಳಿದಳು. ವಕೀಲ ಮೃದುವಾಗಿಯೇ ತಡೆದ. "ಸ್ವಾಮಿ, ವಿಶ್, ವಾಂಟ್ ಎರಡೂ ನಿಘಂಟಿನಲ್ಲಿ ಅಕ್ಕಪಕ್ಕದ ಮನೆಯವು. ಇದಕ್ಕಾಗಿ ಮುಚ್ಚುವ ಕಡತ ತೆರೆಯುವುದೇ?"

"ಅಕ್ಕಪಕ್ಕದ ಮನೆಯಾದರೂ ಬಾಗಿಲು ಬೇರೆ ಬೇರೆ," ಎಂದಳು ಅವಳು. "ವಿಶ್ ಅಂದವಳು ಸಿಗದಿದ್ದರೆ ನಿಟ್ಟುಸಿರು ಬಿಟ್ಟು ಮನೆಗೆ ಹೋಗುತ್ತಾಳೆ. ಈಕೆ ನಿಟ್ಟುಸಿರು ಬಿಡಲು ಬಂದವಳಲ್ಲ."

"ಅಂದು ತಗ್ಗಿಸಿದೆ ಅನ್ನುತ್ತೀರಿ. ಇಂದು ಏರಿಸುತ್ತಿಲ್ಲ ಅಂತ ಏನು ನಂಬಿಕೆ?"

ಅದು ನ್ಯಾಯವಾದ ಮಾತು. ವಕೀಲನ ಬಾಯಿಂದ ಬಂದರೂ ನ್ಯಾಯವಾದದ್ದೇ. ಒಂದು ಸಲ ಕೈ ಕಲಬೆರಕೆ ಮಾಡಿದ ಮೇಲೆ ಆ ಕೈಯನ್ನು ಯಾರು ನಂಬುತ್ತಾರೆ? ಅವಳು ಅಧಿಕಾರಿಯ ಕಡೆ ತಿರುಗಿದಳು. "ನಂಬಬೇಡಿ. ಆಕೆಯನ್ನೇ ಇನ್ನೊಮ್ಮೆ ಕೇಳಿ. ಧ್ವನಿಮುದ್ರಣ ಮಾಡಿಸಿ. ನಾನು ತಪ್ಪಿದರೆ ಬೇರೆಯವರಿಂದ ಕೇಳಿಸಿ ಹಿಡಿಯಬಹುದು."

ಅಧಿಕಾರಿ ಗಡಿಯಾರ ನೋಡಿದರು, ಗುಮಾಸ್ತನಿಗೆ ಸನ್ನೆ ಮಾಡಿದರು, ಯಂತ್ರದ ಕೆಂಪು ದೀಪ ಹತ್ತಿತು. ನಿಮಗೆ ಏನು ಬೇಕು, ಎಂದು ದುಭಾಷಿ ಸೌಟಮ್ಮನನ್ನು ಕೇಳಿದಳು.

ಸೌಟಮ್ಮ ಈ ಸಲ ಮೇಜು ಬಡಿಯಲಿಲ್ಲ. ಎರಡೂ ಕೈ ಮೇಜಿನ ಮೇಲೆ, ಹಿಟ್ಟು ನಾದಲು ನಿಂತವಳಂತೆ, ಊರಿ ನಿಂತಳು.

"ನನಗೆ ನನ್ನ ಕೆಲಸ ಬೇಕು. ಕೊಡಿ ಅಂತ ಬೇಡ್ತಾ ಇಲ್ಲ. ಅದು ನಂದು. ಹುಳ ಬಿದ್ದ ಹಿಟ್ಟನ್ನ ಆ ಮಕ್ಕಳಿಗೆ ತಿನ್ನಿಸಲ್ಲ ಅಂದೆ, ಮೂಟೇನ ಚರಂಡಿಗೆ ಸುರಿದೆ, ಅದಕ್ಕೆ ಹೊರಗೆ ಹಾಕಿದ್ರು. ನಾಳೆ ಇನ್ನೊಂದು ಮೂಟೆ ಅಂಥದ್ದೇ ಬಂದ್ರೆ ಅದನ್ನೂ ಸುರೀತೀನಿ. ಆ ವಾರ್ಡನ್ನು ಇಲ್ಲಿ ಬಂದು, ನನ್ನ ಮುಖ ನೋಡಿ, ಹಿಟ್ಟಲ್ಲಿ ಹುಳ ಇರಲಿಲ್ಲ ಅಂತ ಹೇಳಬೇಕು. ಹೇಳ್ಲಿ ನೋಡೋಣ."

ದುಭಾಷಿ ಬಾಯಿ ತೆರೆದಾಗ ಪದಗಳೆಲ್ಲ ಸರದಿಯಲ್ಲಿ ಬಂದು ನಿಂತವು, ಅಪ್ಪ ಕೂರಿಸಿದ್ದ ಕ್ರಮದಲ್ಲೇ, ವಿಶ್ ಎಲ್ಲಕ್ಕಿಂತ ಮುಂದೆ, ತಲೆ ಬಾಚಿಕೊಂಡು. ಅದನ್ನು ದಾಟಿ ಹಿಂದಕ್ಕೆ ಹೋದಳು. ಬಾಗಿಲ ಹೊರಗೆ ನಿಲ್ಲಿಸಿದ್ದ, ಚಪ್ಪಲಿ ಬಿಡುವ ಜಾಗದ ಪದದ ಕೈ ಹಿಡಿದಳು. ಐ ವಾಂಟ್ ಮೈ ಜಾಬ್. ಐ ಆಮ್ ನಾಟ್ ಬೆಗಿಂಗ್. ಇಟ್ ಈಸ್ ಮೈನ್. ಎಲ್ಲಿ ಆಕೆ ನಿಲ್ಲಿಸಿದ್ದಳೋ ಅಲ್ಲಿ ನಿಲ್ಲಿಸಿದಳು. ಎಲ್ಲಿ ಆಕೆಯ ದನಿ ಒರಟಾಗಿತ್ತೋ ಅಲ್ಲಿ ಒರಟಾದಳು. ವಾರ್ಡನ್ನಿನ ವಿಷಯಕ್ಕೆ ಬಂದಾಗ ಅದೇ ಬೇಕು ಬೇರೊಂದು ರೂಪ ತಳೆದು ಮಸ್ಟ್ ಆಯಿತು, ಆಕೆ ಬಂದು ಹೇಳಲೇಬೇಕು ಎಂದಾಯಿತು. ಆ ಎರಡು ಪದಗಳು ತನ್ನ ಗಂಟಲಿನಿಂದ ಇಷ್ಟು ಸಲೀಸಾಗಿ ಹೊರಟಾವು ಎಂದು ಅವಳು ತಿಳಿದಿರಲಿಲ್ಲ. ಇಡೀ ಜೀವಮಾನ ಮೈ ಮುದುರಿ ಕೂತವಳು ಕಾಲು ಚಾಚಿದ ಹಾಗೆ ಆಯಿತು. ನೋವೂ ಆಯಿತು, ಹಾಯೆಂದೂ ಅನ್ನಿಸಿತು.

"ಇಷ್ಟು ಜೋರಾಗಿ ಬೇಡ," ಎಂದರು ಅಧಿಕಾರಿ. "ಶಾಂತವಾಗಿ ಹೇಳಿ."

"ಆಕೆ ಶಾಂತವಾಗಿ ಹೇಳಲಿಲ್ಲ."

ವಕೀಲ ಪೆನ್ನಿನ ಕ್ಯಾಪು ತೆಗೆದ. ಅಧಿಕಾರಿ ಬಹಳ ಹೊತ್ತು ಏನೋ ಬರೆದರು, ಹೊಡೆದು ಹಾಕಿದರು, ಮತ್ತೆ ಬರೆದರು. ಕೊನೆಗೆ ಓದಿದ್ದು ಇಷ್ಟು: ಹಿಂದಿನ ಷರಾ ರದ್ದು, ಅರ್ಜಿದಾರಳ ಹಕ್ಕೊತ್ತಾಯ ದಾಖಲು, ಮೂರು ವಾರಗಳ ನಂತರ ವಾರ್ಡನ್ ಖುದ್ದಾಗಿ ಹಾಜರಾಗತಕ್ಕದ್ದು. ದುಭಾಷಿ ಅದನ್ನು ಕನ್ನಡದಲ್ಲಿ ಹೇಳಿದಳು. ಸೌಟಮ್ಮ ಎಲ್ಲ ಕೇಳಿಸಿಕೊಂಡು, "ಇದಕ್ಕೇನೂ ಬೆರೆಸಿಲ್ಲ ತಾನೆ?" ಎಂದಳು. ಇಲ್ಲ ಅಂದಳು. ಸೌಟಮ್ಮ ಚೀಲ ಎತ್ತಿಕೊಂಡು, ಚಪ್ಪಲಿ ಚಟಪಟ ಸದ್ದು ಮಾಡುತ್ತ ಹೊರಟುಹೋದಳು. ಧನ್ಯವಾದ ಹೇಳಲಿಲ್ಲ. ಹೇಳಿದ್ದರೆ ಸುಳ್ಳಾಗುತ್ತಿತ್ತು.

ದುಭಾಷಿಗೆ ಅಲ್ಲೇ ಇರಲು ಹೇಳಿದರು. ಕೋಣೆ ಖಾಲಿಯಾದ ಮೇಲೆ ಅಧಿಕಾರಿ ಒಂದು ಹಾಳೆಯನ್ನು ಮೇಜಿನ ಮೇಲೆ ತಳ್ಳಿದರು. ಎಲ್ಲರಿಗೂ ಕೊಡುವ ಅಚ್ಚಾದ ನಮೂನೆ. ದುಭಾಷಿಯ ಮೇರೆ ಮೀರಿ ನಡಾವಳಿಗೆ ಅಡ್ಡಿಪಡಿಸಿದ್ದಕ್ಕೆ ವಿಷಾದಿಸುತ್ತೇನೆ, ಮುಂದೆ ಹೀಗಾಗದು, ಕೆಳಗೆ ಸಹಿ. "ಇದು ಬರೀ ಶಿಷ್ಟಾಚಾರ," ಎಂದರು ಅವರು, ಕೆಟ್ಟ ದನಿಯಲ್ಲೇನಲ್ಲ. "ಸಹಿ ಹಾಕಿದರೆ ದುಭಾಷಿಗಳ ಪಟ್ಟಿಯಲ್ಲಿ ಹೆಸರು ಉಳಿಯುತ್ತದೆ. ನೀವು ನಮ್ಮ ಅತ್ಯಂತ ಸೌಮ್ಯ ದುಭಾಷಿ. ನಿಮ್ಮನ್ನು ಕಳೆದುಕೊಳ್ಳುವ ಇಚ್ಛೆ ನಮಗಿಲ್ಲ."

ಅತ್ಯಂತ ಸೌಮ್ಯ. ನಿನ್ನೆಯಾಗಿದ್ದರೆ ಈ ಮಾತನ್ನು ಮನೆಗೆ ಒಯ್ದು ಗಂಡನಿಗೆ ತೋರಿಸುತ್ತಿದ್ದಳು. ಅವಳು ಹಾಳೆಯನ್ನು ಎರಡು ಸಲ ಓದಿದಳು. ಪೆನ್ನು ಕೈಯಲ್ಲಿತ್ತು. ಮನೆಯ ಖರ್ಚಿಗೆ ಅವನ ಅಂಗಡಿ ಸಾಕು ಎಂಬುದೂ, ಸಾಕು ಎಂಬ ಮಾತಿನಲ್ಲೇ ಅವಳ ಕೆಲಸ ಎಷ್ಟು ಚಿಕ್ಕದಾಗಿಹೋಗುತ್ತದೆ ಎಂಬುದೂ ಒಟ್ಟಿಗೇ ಹೊಳೆಯಿತು. ಅವಳಿಗೆ ಈ ಕೆಲಸ ಇಷ್ಟ. ಇಷ್ಟ ಅಲ್ಲ. ಹಂಬಲವೂ ಅಲ್ಲ. ಬೇಕು.

"ನನ್ನ ತಪ್ಪು ಮೊದಲನೇ ದಿನದ್ದು," ಎಂದಳು. "ಅದಕ್ಕೆ ಎಷ್ಟು ಸಹಿ ಬೇಕಾದರೂ ಹಾಕುತ್ತೇನೆ. ಈ ದಿನದ್ದಕ್ಕೆ ಹಾಕುವುದಿಲ್ಲ."

"ಎರಡಕ್ಕೂ ಇರುವುದು ಒಂದೇ ನಮೂನೆ."

"ಹಾಗಾದರೆ ನಮೂನೆ ಸರಿಯಿಲ್ಲ." ಪೆನ್ನಿನ ಕ್ಯಾಪು ಹಾಕಿ, ಹಾಳೆಯನ್ನು ಬಂದ ದಾರಿಯಲ್ಲೇ ಹಿಂದಕ್ಕೆ ತಳ್ಳಿದಳು.

ಪಟ್ಟಿಯಿಂದ ಹೆಸರು ತೆಗೆದ ಪತ್ರ ನಾಲ್ಕನೆಯ ದಿನ ಬಂತು. ಗಂಡ ಅದನ್ನು ಓದಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು, ಹೇಳಿದ್ದೆನಲ್ಲ ಅನ್ನಲು ಬಾಯಿ ತೆರೆದವನು ಅವಳ ಮುಖ ನೋಡಿ ಪತ್ರ ಮಡಿಸಿಟ್ಟ. "ಊಟಕ್ಕೆ ಏನು ಮಾಡ್ಲಿ ಇವತ್ತು?" ಎಂದು ಅವನೇ ಕೇಳಿದ. ಏನಾದರೂ ಆಗುತ್ತೆ ಎಂದು ಬಾಯಿತುದಿಗೆ ಬಂದದ್ದನ್ನು ಅವಳು ನುಂಗಿಕೊಂಡು, ತನಗೆ ಏನು ಬೇಕೋ ಅದನ್ನು ಹೇಳಿದಳು. ಅವನಿಗೆ ಮಾಡಲು ಬರುತ್ತಿರಲಿಲ್ಲ. ನಿಂತು ಕಲಿಸಿದಳು.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಫೋನು ಬಂತು. ಹಿಂದೆ ಪಾತ್ರೆಗಳ ಗಲಾಟೆ, ಹುಡುಗಿಯರ ನಗು.

"ಸೇರ್ಕೊಂಡೆ ಕಣೇ," ಎಂದಿತು ದನಿ. "ಆ ವಾರ್ಡನ್ನು ಬಂದ್ಲು. ಹುಳ ಇತ್ತೋ ಇಲ್ಲೋ ಅಂತ ಕೇಳಿದ್ರೆ ನನ್ನ ಮುಖ ಬಿಟ್ಟು ಬೇರೆ ಎಲ್ಲಾ ಕಡೆ ನೋಡಿದ್ಲು. ಹೋದ ಸೋಮವಾರ ಒಲೆ ಹಚ್ಚಿದೆ. ನಿಂದೇನಾಯ್ತು?"

"ಪಟ್ಟಿಯಿಂದ ತೆಗೆದ್ರು."

"ತೆಗೆದ್ರು ಅಂತ ಸುಮ್ನೆ ಕೂತಿದೀಯಾ?" ಅಷ್ಟರಲ್ಲಿ ಏನೋ ಉಕ್ಕಿತೆಂದು ಕಾಣುತ್ತದೆ, ಬೈಗುಳದ ಜೊತೆಗೇ ಫೋನು ಕಟ್ಟಾಯಿತು.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಅವಳು ಅದೇ ಕಚೇರಿಯ ಕೆಳಮಹಡಿಯ ಕಿಟಕಿಯೆದುರು ನಿಂತಿದ್ದಳು, ದೂರು ಕೊಡುವವರ ಸಾಲಿನಲ್ಲಿ. ಮುಂದೆ ಆರು ಜನ, ಹಿಂದೆ ಹನ್ನೊಂದು. ಮೊದಲೆಲ್ಲ ಈ ಸಾಲಿನ ಪಕ್ಕದಿಂದ, ಗುರುತಿನ ಚೀಟಿ ತೋರಿಸಿ, ಯಾರ ಮುಖವನ್ನೂ ನೋಡದೆ ಮೆಟ್ಟಿಲು ಹತ್ತಿ ಹೋಗುತ್ತಿದ್ದಳು. ಸರದಿ ಬಂದಾಗ ಕಿಟಕಿಯ ಗುಮಾಸ್ತ, ಪರಿಚಯದವನೇ, ತಬ್ಬಿಬ್ಬಾದ. ಅರ್ಜಿಯನ್ನು ತೆಗೆದುಕೊಂಡು ತುಟಿ ಅಲ್ಲಾಡಿಸುತ್ತ ಓದಿದ. ಕೆಲಸದಿಂದ ತೆಗೆದ ಕಾರಣ ತಪ್ಪು ಎಂದಿತ್ತು. ಅರ್ಜಿದಾರಳು ಏನನ್ನು ಕೇಳುತ್ತಾಳೆ ಎಂಬ ಖಾನೆಯಲ್ಲಿ ನಾಲ್ಕು ಪದಗಳಿದ್ದವು, ಇಂಗ್ಲಿಷಿನಲ್ಲಿ, ಅವಳದೇ ದುಂಡು ಅಕ್ಷರದಲ್ಲಿ: ಐ ವಾಂಟ್ ಮೈ ವರ್ಕ್.

"ಮೇಡಂ," ಎಂದ ಅವನು ದನಿ ತಗ್ಗಿಸಿ, "ಇಲ್ಲಿ 'ಪ್ಲೀಸ್' ಅಂತ ಒಂದು ಸೇರಿಸಿಬಿಡಿ. ಸಾಹೇಬ್ರಿಗೆ ಓದೋಕೆ ಹಿತವಾಗಿರುತ್ತೆ."

"ಸೇರಿಸಲ್ಲ."

"ಒಂದೇ ಒಂದು ಪದ ಮೇಡಂ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು."

"ಒಂದೇ ಒಂದು ಪದಕ್ಕೇ ನಾನು ಈ ಸಾಲಲ್ಲಿ ನಿಂತಿರೋದು," ಎಂದಳು. "ಠಸ್ಸೆ ಒತ್ತಿ."

ಅವನು ಒತ್ತಿದ.